ಕಾಲಿಡಲು ಇದ್ದ ಜಾಗ

ಆಗಸ್ಟ್ 9, 1971, ಸೋಮವಾರ
ಹೈಟ್ಸ್‌ಟೌನ್, ನ್ಯೂಜೆರ್ಸಿ

ಹೊಸ ವರ್ಷಕ್ಕೆ ಇವರ ಕಂಪನಿಯವರು ಕೊಟ್ಟ ಡೈರಿ ಇದು. ಇಲ್ಲಿಯವರೆಗೆ ಖಾಲಿ ಕೂತಿತ್ತು, ನನ್ನ ಹಾಗೆಯೇ. ಇವತ್ತು ತೆರೆದದ್ದಕ್ಕೆ ಕಾರಣವಿದೆ. ನನಗೊಂದು ಕೆಲಸ ಸಿಗುವ ಹಾಗಿದೆ.

ಮೊದಲು ಹಳೆಯದನ್ನು ಬರೆದು ಮುಗಿಸುತ್ತೇನೆ, ಇಲ್ಲದಿದ್ದರೆ ಪೆನ್ನು ಮುಂದೆ ಹೋಗುವುದಿಲ್ಲ. ಮೇ ತಿಂಗಳಲ್ಲಿ ನನ್ನ ಮಗು ಹುಟ್ಟಿತು, ಉಸಿರಾಡಲಿಲ್ಲ. ನನಗೆ ಮತ್ತು ಬರಿಸಿದ್ದರು. ಎಚ್ಚರವಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇವರೊಬ್ಬರೇ ಹೋಗಿ ಎಲ್ಲೋ ಮಣ್ಣು ಮಾಡಿ ಬಂದರು. ಗಂಡೋ ಹೆಣ್ಣೋ, ಎಲ್ಲಿ ಮಲಗಿಸಿದರು, ನಾನು ಕೇಳಲಿಲ್ಲ, ಇವರು ಹೇಳಲಿಲ್ಲ. ಕೇಳೋಣವೆಂದು ಬಾಯಿ ತೆರೆದಾಗಲೆಲ್ಲ "ಅನ್ನಕ್ಕಿಡಲಾ?" ಎಂಬ ಮಾತೇ ಹೊರಗೆ ಬರುತ್ತದೆ. ನಾನು ಹೆಣೆದಿದ್ದ ಬಿಳಿ ಕುಲಾವಿ ಪೆಟ್ಟಿಗೆಯಲ್ಲಿಲ್ಲ. ಇವರು ಎಸೆದಿರಬೇಕು. ಅದನ್ನೂ ಕೇಳಿಲ್ಲ. ಇಷ್ಟು ಬರೆದದ್ದು ಸಾಕು.

ಈಗ ಕೆಲಸದ ವಿಷಯ. ಪಕ್ಕದ ಊರು ಕ್ರ್ಯಾನ್‌ಬರಿಯ ಲೈಬ್ರರಿಯಲ್ಲಿ ಒಂದು ಚೀಟಿ ಅಂಟಿಸಿದ್ದರಂತೆ. "ಟೈಪಿಸ್ಟ್ ಬೇಕು. ಮಾತು ಕಡಿಮೆ ಇರುವವರಿಗೆ ಆದ್ಯತೆ." ಇವರು ಅದನ್ನು ಕಿತ್ತುಕೊಂಡೇ ಬಂದುಬಿಟ್ಟರು.

"ನೋಡಿಲ್ಲೆ ಅನಸೂಯಾ, ನಿನ್ನ ಸಲುವಾಗೇ ಬರದಾರ," ಎಂದು ನಕ್ಕರು. ಇವರು ಧಾರವಾಡದವರು. ಎಲ್ಲವನ್ನೂ ಹಾಸ್ಯ ಮಾಡಿಯೇ ಹೇಳಬೇಕು, ಇಲ್ಲದಿದ್ದರೆ ಹೇಳಲೇಬಾರದು. ಮೂರು ತಿಂಗಳಿಂದ ನಾನು ಮಾತಾಡದಿರುವುದನ್ನು ಇವರು ಗಮನಿಸಿದ್ದಾರೆ ಎಂದು ಗೊತ್ತಾದದ್ದೇ ಹಾಗೆ. ಸಿಟ್ಟು ಬಂತು, ಆದರೆ ನಗುವೂ ಬಂತು.

ಆಗಸ್ಟ್ 12, ಗುರುವಾರ

ಚೀಟಿ ಬರೆದವರು ಯಾರೋ ಸಾಮಾನ್ಯ ಮುದುಕಿ ಎಂದುಕೊಂಡಿದ್ದೆ. ಮಿಸ್ ಡೋರಾ ವಿಲ್ಕಿನ್ ಅಂತೆ, ಅಮೆರಿಕದಲ್ಲಿ ಹೆಸರು ಕೇಳದವರಿಲ್ಲವಂತೆ, ಶಾಲೆಗಳಲ್ಲಿ ಅವರ ಕಾದಂಬರಿ ಪಾಠಕ್ಕಿದೆಯಂತೆ. ನನಗೇನು ಗೊತ್ತು? ಮೈಸೂರಿನಲ್ಲಿ ಟೈಪಿಂಗ್ ಮತ್ತು ಶಾರ್ಟ್‌ಹ್ಯಾಂಡ್ ಸೀನಿಯರ್ ಪಾಸು ಮಾಡಿದವಳು ನಾನು. ಅಕ್ಷರ ನೋಡುತ್ತೇನೆ, ಅರ್ಥ ಆಮೇಲೆ.

ಅವರಿಗೆ ಎಪ್ಪತ್ತರ ಹತ್ತಿರ. ಎತ್ತರ, ಒರಟು ಧ್ವನಿ, ಕಾಲಿಗೆ ಉಣ್ಣೆಯ ದಪ್ಪ ಕಾಲುಚೀಲ. "ಮಕ್ಕಳಿದ್ದಾರಾ?" ಎಂದು ಕೇಳಿದರು. "ಇಲ್ಲ" ಎಂದೆ. "ನನಗೂ ಇಲ್ಲ. ಟೈಪ್‌ರೈಟರ್ ಅಲ್ಲಿದೆ, ಟೀ ಅಡುಗೆಮನೆಯಲ್ಲಿದೆ," ಎಂದರು. ಸಂದರ್ಶನ ಮುಗಿಯಿತು. (ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರು ಅಗ್ರಹಾರದ ಅಜ್ಜಿಯ ಹಾಗೆ ಮಾತಾಡಿದಂತೆ ಕಂಡರೆ ತಪ್ಪು ನನ್ನದು.) ಮೇ ತಿಂಗಳಿಂದ ಈಚೆಗೆ, ನಾನು ಹೇಗಿದ್ದೇನೆ ಎಂದು ಕೇಳದೆ ಬಿಟ್ಟ ಮೊದಲ ಮನುಷ್ಯರು ಅವರು. ಬಹಳ ಉಪಕಾರವಾಯಿತು.

ಈಗ ಬರೆಯುತ್ತಿರುವುದು ಕಾದಂಬರಿಯಲ್ಲ, ಅವರದೇ ಬಾಲ್ಯ. ಪ್ಯಾಟರ್ಸನ್ನಿನ ರೇಷ್ಮೆ ಗಿರಣಿ, ಕುಡುಕ ಅಪ್ಪ, ಬೇಗ ತೀರಿಹೋದ ಅಮ್ಮ, ಬಾಡಿಗೆ ಕೋಣೆ, ಹಸಿವು. ಕಣ್ಣಿಗೆ ಪೊರೆ ಬಂದಿದೆ. ಪೂರ್ತಿ ಮಂಜಾಗುವುದರೊಳಗೆ, ಕ್ರಿಸ್‌ಮಸ್ ಹೊತ್ತಿಗೆ ಪುಸ್ತಕ ಮುಗಿಯಬೇಕು. ಅವರು ಪೆನ್ಸಿಲ್‌ನಲ್ಲಿ ದಪ್ಪ ದಪ್ಪಗೆ ಬರೆದದ್ದನ್ನು ನಾನು ಟೈಪ್ ಮಾಡಬೇಕು. ಪುಟದ ಸಂಖ್ಯೆ ಮಾತ್ರ ಹಾಕಕೂಡದು. "ನಂಬರ್ ಬಿದ್ದರೆ ಹಾಳೆಗಳು ಕೂತಲ್ಲೇ ಕೂತುಬಿಡುತ್ತವೆ" ಅನ್ನುತ್ತಾರೆ.

ಇಲ್ಲಿಯವರೆಗೆ ಸರಿ. ಆಮೇಲೆ ಕಂಡದ್ದನ್ನು ಹೇಗೆ ಬರೆಯಲಿ? ಹಿಂದೆ ತಾವೇ ಟೈಪ್ ಮಾಡಿದ್ದ ಹಾಳೆಗಳನ್ನೂ ಹೊಸದನ್ನೂ ಅವರು ಮುಂದಿನ ಕೋಣೆಯ ನೆಲದ ಮೇಲೆ ಹಾಸುತ್ತಾರೆ. ಬಾಗಿಲ ಹತ್ತಿರ ಹುಟ್ಟಿದ್ದು, ಅಗ್ಗಿಷ್ಟಿಕೆಯ ಹತ್ತಿರ ಹದಿನೆಂಟು ವರ್ಷ. ಹಾಸಿ, ಅದರ ಮೇಲೆಯೇ ಓಡಾಡುತ್ತಾರೆ! ಬಗ್ಗಿ ಒಂದನ್ನು ಎತ್ತಿ ಇನ್ನೊಂದರ ಪಕ್ಕ ಇಡುತ್ತಾರೆ, ಮತ್ತೆ ತುಳಿಯುತ್ತಾರೆ. ಅಕ್ಷರ ತುಳಿಯುವುದೆಂದರೆ ಸರಸ್ವತಿಯನ್ನೇ ತುಳಿದ ಹಾಗಲ್ಲವೇ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಾನು ಗೋಡೆಗೆ ಬೆನ್ನು ಹಚ್ಚಿ ಏಡಿಯಂತೆ ನಡೆದು ನನ್ನ ಮೇಜು ಸೇರಿದೆ. ಒಂದು ಹಾಳೆ ಕಾಲಿಗೆ ತಗಲಿತು, ಎತ್ತಿ ಕಣ್ಣಿಗೊತ್ತಿಕೊಂಡೆ. ಮಿಸ್ ವಿಲ್ಕಿನ್ ವಾರೆನೋಟದಲ್ಲಿ ನೋಡಿದರು.

ಆಗಸ್ಟ್ 28, ಶನಿವಾರ

ನಿನ್ನೆಯಿಂದ ಬಿರುಗಾಳಿ ಮಳೆ. ರಸ್ತೆಯಲ್ಲಿ ನೀರು ನಿಂತಿದೆ, ರೇಡಿಯೋದಲ್ಲಿ ಯಾರೂ ಹೊರಗೆ ಹೊರಡಬೇಡಿ ಎನ್ನುತ್ತಿದ್ದಾರೆ. ನಮ್ಮ ಮಹಾರಾಯರು ಹಾಲು ತರಲು ಹೊರಟರು. ಪ್ರತಿ ಶನಿವಾರವೂ ಇದೇ ಗೋಳು. ಹಾಲಿನಂಗಡಿ ಕೂಗಳತೆಯಲ್ಲಿದೆ, ಇವರು ಹಸು ಹುಡುಕಿ ಕರೆದು ತರುವಷ್ಟು ಹೊತ್ತು ಮಾಡುತ್ತಾರೆ.

"ಫ್ರಿಜ್ಜಲ್ಲಿ ಹಾಲಿದೇರೀ," ಎಂದೆ.

"ಇರಲಿ. ಹೋಗಿ ಬರ್ತೇನಿ."

ಮಧ್ಯಾಹ್ನದ ಮೇಲೆ ಬಂದರು. ಪ್ಯಾಂಟು ಮಂಡಿಯವರೆಗೆ ಕೆಸರು, ಬೂಟಿನೊಳಗೆ ನೀರು, ಕೈಯಲ್ಲಿ ಹಾಲಿಲ್ಲ. ಅಂಗಡಿ ಮುಚ್ಚಿತ್ತಂತೆ. ನಾನು ಬೈಯಲು ಬಾಯಿ ತೆರೆದೆ, ಮುಖ ನೋಡಿ ಟವಲು ತಂದೆ. ಬಿಸಿನೀರು ಕಾಯಿಸಿ ಕೊಟ್ಟೆ. ಇಷ್ಟು ಮಳೆಯಲ್ಲಿ ಕಾರು ಎಲ್ಲಿಯೂ ಕೆಟ್ಟು ನಿಲ್ಲದೆ ಮನೆ ಸೇರಿದರಲ್ಲ, ದೇವರು ದೊಡ್ಡವನು.

ಸೆಪ್ಟೆಂಬರ್ 10, ಶುಕ್ರವಾರ

ವುಡ್‌ಬ್ರಿಡ್ಜಿನಿಂದ ಪದ್ಮಜಾ ಫೋನ್ ಮಾಡಿದ್ದಳು. ಬೆಂಗಳೂರಿನವಳು, ಈ ದೇಶದಲ್ಲಿ ನನಗಿರುವ ಒಬ್ಬಳೇ ಗೆಳತಿ. "ಇನ್ನೊಂದು ಆದ್ರೆ ಎಲ್ಲಾ ಮರ್ತುಹೋಗತ್ತೆ ಬಿಡೇ," ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಮೇ ತಿಂಗಳಲ್ಲಿ ಹತ್ತು ದಿನ ಬಂದಿದ್ದು ಸಾರು ಅನ್ನ ಮಾಡಿ ಹಾಕಿದವಳು ಅವಳೇ, ಆ ಋಣ ತೀರಿಸಲಾರೆ. ಆದರೂ ಫೋನ್ ಇಟ್ಟ ಮೇಲೆ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆದೆ.

ಕೆಲಸದ ಮನೆಯೇ ವಾಸಿ. ಅಲ್ಲಿ ಈಗ ನನ್ನದೇ ಒಂದು ಪದ್ಧತಿಯಾಗಿದೆ. ಟೀ ಬೇಕಾದರೆ ಕೋಣೆ ದಾಟಿ ಅಡುಗೆಮನೆಗೆ ಹೋಗುವುದಿಲ್ಲ. ಮುಂಬಾಗಿಲಿನಿಂದ ಹೊರಗೆ ಹೋಗಿ, ಮನೆ ಸುತ್ತಿ, ಹಿಂಬಾಗಿಲಿನಿಂದ ಒಳಗೆ. ನನಗೆ ಶುದ್ಧ ಗಾಳಿಯ ಹುಚ್ಚು ಎಂದು ಮಿಸ್ ವಿಲ್ಕಿನ್ ತಿಳಿದಿದ್ದಾರೆ.

ಕೋಣೆಯೊಳಗೆ ಕಾಲಿಡಲು ನನಗಿರುವುದು ಒಂದೇ ಜಾಗ. ಕಿಟಕಿಯ ಕೆಳಗೆ, ಹಾಳೆಗಳ ನಡುವೆ, ಒಂದು ಚಾಪೆ ಹಾಸುವಷ್ಟು ಬರಿ ನೆಲವಿದೆ. ನನ್ನ ಮೇಜಿನಿಂದ ಒಂದು ಹೆಜ್ಜೆ ದಾಟಿದರೆ ಅಲ್ಲಿ ನಿಲ್ಲಬಹುದು. ಮಿಸ್ ವಿಲ್ಕಿನ್ ಎಷ್ಟು ಹಾಳೆ ಸರಿಸಿದರೂ ಆ ಜಾಗದಲ್ಲಿ ಒಂದನ್ನೂ ಇಡುವುದಿಲ್ಲ. ನನಗಾಗಿಯೇ ಬಿಟ್ಟಿದ್ದಾರೋ ಏನೋ. ಬಿಸಿಲು ಬೀಳುತ್ತದೆ, ಆಚೆ ಕೆರೆ ಕಾಣುತ್ತದೆ. ದಿನಕ್ಕೆರಡು ಸಲ ಅಲ್ಲಿ ನಿಂತು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತೇನೆ, ಮನಸ್ಸು ಹಗುರವಾಗುತ್ತದೆ.

ಇಂದು ಪತ್ರಿಕೆಯವನೊಬ್ಬ ಬಂದಿದ್ದ. "ನೀವು ತಂದೆತಾಯಿಗೆ ಒಬ್ಬಳೇ ಮಗಳು, ಅಲ್ಲವೇ?" ಎಂದು ಕೇಳಿದ. "ನನ್ನ ಎಲ್ಲ ಪುಸ್ತಕಗಳ ಹಿಂದೆಯೂ ಹಾಗೆಂದು ಅಚ್ಚಾಗಿದೆ" ಎಂದರು. ನೇರವಾಗಿ ಹೌದು ಅನ್ನಲಿಲ್ಲವಲ್ಲ ಎಂದು ನನಗೆ ಅನ್ನಿಸಿತು. ಇರಲಿ, ದೊಡ್ಡವರ ಮಾತಿನ ರೀತಿ.

ಸೆಪ್ಟೆಂಬರ್ 28, ಮಂಗಳವಾರ

ಮಹಾನವಮಿ. ಇಂದು ಬರೆಯುವಂತಿಲ್ಲ. ಬರೆಯುವಂತಿಲ್ಲ ಎಂದು ಬರೆದದ್ದಕ್ಕೆ ತಾಯಿ ಕ್ಷಮಿಸಲಿ. ಇವತ್ತು ಕೆಲಸದ ಮನೆಯಲ್ಲಿ ಒಂದು ಒಳ್ಳೆಯ ಕೆಲಸ ಮಾಡಿ ಬಂದಿದ್ದೇನೆ. ಎಷ್ಟೋ ತಿಂಗಳ ಮೇಲೆ ಹಾಡು ಗುನುಗಿಕೊಂಡೆ. ಉಳಿದದ್ದು ನಾಳೆ.

ಸೆಪ್ಟೆಂಬರ್ 29, ಬುಧವಾರ

ವಿಜಯದಶಮಿಯಂದು ಕೆಲಸ ಕಳೆದುಕೊಂಡವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಆದದ್ದು ಇಷ್ಟು. ಕಣ್ಣಿನ ಡಾಕ್ಟರ ಹತ್ತಿರ ಹೋಗಲು ಮಿಸ್ ವಿಲ್ಕಿನ್ ನ್ಯೂಯಾರ್ಕಿಗೆ ಹೋಗಿದ್ದರು. ನಿನ್ನೆ ಬೀಗ ತೆಗೆದು ಒಳಗೆ ಹೋದೆ. ನಮ್ಮಲ್ಲಿ ಆ ದಿನ ಪುಸ್ತಕ, ಪೆನ್ನು, ಹೊಲಿಗೆ ಯಂತ್ರ, ಸೈಕಲ್ಲು, ಎಲ್ಲವನ್ನೂ ಒರೆಸಿ ಕುಂಕುಮವಿಟ್ಟು ಕೈಮುಗಿಯುತ್ತಾರೆ. ಇಲ್ಲಿ ನೋಡಿದರೆ ಒಂದು ಜನ್ಮದ ಅಕ್ಷರವೆಲ್ಲ ಕಾಲೊರಸಿನ ಹಾಗೆ ನೆಲದ ಮೇಲೆ. ಬೇರೆ ದಿನವಾದರೆ ಕಣ್ಣು ಮುಚ್ಚಿಕೊಳ್ಳಬಹುದು, ನವಮಿಯ ದಿನ ಹೇಗೆ ಬಿಡುವುದು? ಒಂದೊಂದೇ ಹಾಳೆ ಎತ್ತಿದೆ. ಧೂಳು ಒರೆಸಿದೆ. ಅಂಚು ಹೊಂದಿಸಿ ಮೇಜಿನ ಮೇಲೆ ಕಟ್ಟಾಗಿ ಇಟ್ಟೆ. ಪಕ್ಕದಲ್ಲಿ ಟೈಪ್‌ರೈಟರ್ ಇಟ್ಟು ಕುಂಕುಮ ಹಚ್ಚಿದೆ. ಹಿತ್ತಿಲಿನ ಚೆಂಡುಹೂವು, ಎರಡು ಬಾಳೆಹಣ್ಣು. ಮುಕ್ಕಾಲು ಟೈಪ್ ಮಾಡಿದವಳೇ ನಾನು, ಮರುದಿನ ಮತ್ತೆ ಹಾಸಿಕೊಟ್ಟರಾಯಿತು ಎಂದುಕೊಂಡಿದ್ದೆ. ಹಾಳೆಗಳನ್ನು ಅವರು ಬೇಸಿಗೆಯೆಲ್ಲ ಅತ್ತಿತ್ತ ಮಾಡಿದ್ದು ತಲೆಗೆ ಹೊಳೆಯಲೇ ಇಲ್ಲ.

ಇಂದು ಹೋದಾಗ ಮಿಸ್ ವಿಲ್ಕಿನ್ ಮೆಟ್ಟಿಲ ಮೇಲೆ ಕೂತಿದ್ದರು. ಹ್ಯಾಟು ಕೂಡ ತೆಗೆದಿರಲಿಲ್ಲ.

"ನೀನಾ ಮಾಡಿದ್ದು?"

"ಹೌದು."

"ಯಾಕೆ?"

ಹೇಳಬೇಕಾದದ್ದು ಬೆಟ್ಟದಷ್ಟಿತ್ತು. ಬಾಯಿಂದ ಬಂದದ್ದು "ಸಾರಿ" ಒಂದೇ.

"ಇಡೀ ಬೇಸಿಗೆ ನೆಲದ ಮೇಲೆ ಬಗ್ಗಿ ಬಗ್ಗಿ ಜೋಡಿಸಿದ್ದೆ," ಎಂದರು. ಧ್ವನಿ ಏರಿಸಲಿಲ್ಲ, ಏರಿಸಿದ್ದರೆ ಚೆನ್ನಾಗಿತ್ತು. "ಯಾವುದಾದ ಮೇಲೆ ಯಾವುದು ಎಂದು ಕಾಲಿಗೆ ಗೊತ್ತಿತ್ತು. ಈಗ ಕಣ್ಣಿಗೆ ಟೈಪಿನ ಅಕ್ಷರವೇ ಕಾಣುವುದಿಲ್ಲ. ಮತ್ತೆ ಜೋಡಿಸುವುದಾದರೂ ಹೇಗೆ? ನನ್ನ ಪುಸ್ತಕವನ್ನು ನೀನು ಗುಡಿಸಿಬಿಟ್ಟೆ. ಮನೆಗೆ ಹೋಗು."

ಬಂದೆ.

ಸೆಪ್ಟೆಂಬರ್ 30, ಗುರುವಾರ

ಏನೂ ಇಲ್ಲ.

ಅಕ್ಟೋಬರ್ 2, ಶನಿವಾರ

ಇವರು ಹಾಲು ತರಲು ಹೋಗಿ ಎಂದಿನಂತೆ ಮಧ್ಯಾಹ್ನ ಮಾಡಿ ಬಂದರು. ನಾನು ಇನ್ನೂ ಕುರ್ಚಿಯಲ್ಲೇ ಕೂತಿದ್ದೆ. ಎದುರಿಗೆ ಬಂದು ಕೂತರು.

"ಹಿಂಗ ಕೂತ್ರ ಹೆಂಗ? ಹೋಗಿ ಹೇಳು, ಯಾಕ ಮಾಡಿದಿ ಅಂತ. ಅವರಿಗೇನು ಗೊತ್ತು ನಮ್ಮ ನವಮಿ, ದಶಮಿ? ಬಾಯಿ ಬಿಟ್ಟು ಹೇಳಲಾರದ ಯಾವುದೂ ಸರಿ ಆಗಂಗಿಲ್ಲ."

ಹೇಳುವವರು ಯಾರು ನೋಡಿ! ಹೇಳುವುದು ಶಾಸ್ತ್ರ, ತಿನ್ನುವುದು ಬದನೇಕಾಯಿ. ಅದನ್ನು ಬಾಯಿಬಿಟ್ಟೇ ಅಂದುಬಿಡುತ್ತಿದ್ದೆ. ಆದರೆ ಇವರು ನನ್ನ ತಟ್ಟೆಗೆ ಅನ್ನ ಕಲಸಿ ಕೈಗೆ ಕೊಟ್ಟರು. ಮೊಸರನ್ನ, ಉಪ್ಪು ಹೆಚ್ಚಾಗಿತ್ತು. ತಿಂದೆ. ಸೋಮವಾರ ಹೋಗುತ್ತೇನೆ ಎಂದೆ.

ಅಕ್ಟೋಬರ್ 4, ಸೋಮವಾರ

ಇವರು ಕಾರಿನಲ್ಲೇ ಕಾದರು, ಆಫೀಸಿಗೆ ತಡವಾದರೂ ಆಗಲಿ ಎಂದು. ನಾನು ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಕಾಗದ ನಮಗೆ ಬರಿ ಕಾಗದವಲ್ಲ, ಕಾಲು ತಗಲಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ, ವರ್ಷಕ್ಕೊಂದು ದಿನ ಪೂಜೆ ಮಾಡುತ್ತೇವೆ. ಗುಡಿಸಿದ್ದಲ್ಲ, ಮೇಲಕ್ಕೆತ್ತಿ ಇಟ್ಟದ್ದು. ಟೀಗೆ ಹೋಗಲು ಮನೆ ಸುತ್ತುತ್ತಿದ್ದದ್ದೂ ಗಾಳಿಗಾಗಿ ಅಲ್ಲ. ಈ ದೇಶಕ್ಕೆ ಬಂದ ಮೇಲೆ ಒಂದೇ ಉಸಿರಿಗೆ ಇಷ್ಟು ಇಂಗ್ಲಿಷ್ ಮಾತಾಡಿದ್ದು ಇದೇ ಮೊದಲು.

ಮಿಸ್ ವಿಲ್ಕಿನ್ ಟೈಪ್‌ರೈಟರಿನ ಕಡೆ ಬೆರಳು ತೋರಿಸಿದರು.

"ಆ ಕೆಂಪು ಪುಡಿ?"

"ಕುಂಕುಮ. ಮಂಗಳಕರ."

"ಟೈಪ್‌ರೈಟರಿಗೆ ಗಾಯವಾಗಿದೆ ಎಂದುಕೊಂಡಿದ್ದೆ," ಎಂದು ಒಂದು ಸಲ ಕೆಮ್ಮಿದಂತೆ ನಕ್ಕರು. ಆಮೇಲೆ ಹೇಳಿದರು. ಒಂಬತ್ತು ವರ್ಷದವಳಿದ್ದಾಗ ಅವರು ಒಂದು ಕಾಪಿ ಪುಸ್ತಕದ ತುಂಬ ಕಥೆ ಬರೆದಿದ್ದರಂತೆ. ಅಪ್ಪ ಒಂದು ಬೆಳಗ್ಗೆ ಅದರಿಂದ ಒಲೆ ಹಚ್ಚಿದನಂತೆ. ಸಿಟ್ಟಿನಿಂದಲ್ಲ, ಕೈಗೆ ಸಿಕ್ಕಿತೆಂದು. "ನನ್ನ ಹಾಳೆಗಳನ್ನು ಯಾರೂ ಇಷ್ಟು ಎತ್ತರದಲ್ಲಿ ಇಟ್ಟಿರಲಿಲ್ಲ. ಆದರೂ ನೀನು ಮಾಡಿದ್ದು ಕತ್ತೆ ಕೆಲಸ."

"ಹೌದು," ಎಂದೆ.

"ಹಾಗಾದರೆ ನೀನೇ ಸರಿಮಾಡು. ನೀನು ಓದು, ನಾನು ಕೇಳುತ್ತೇನೆ. ಎಲ್ಲಿಡಬೇಕೆಂದು ಹೇಳುತ್ತೇನೆ."

ಮಾತು ಕಡಿಮೆ ಇರುವವಳು ಬೇಕೆಂದು ಕರೆಸಿಕೊಂಡವರು ಈಗ ದಿನವಿಡೀ ಮಾತಾಡು ಅನ್ನುತ್ತಿದ್ದಾರೆ. ಹೊರಗೆ ಬಂದು ಇವರಿಗೆ ಕೈ ಬೀಸಿದೆ. ಹಾರ್ನ್ ಹೊಡೆದು ಹೋದರು. ಕೆಲಸ ಉಳಿಯಿತು ಎನ್ನುವುದಕ್ಕಿಂತ, ಅವರು ನನ್ನ ಮಾತು ಪೂರ್ತಿ ಕೇಳಿದರಲ್ಲ, ಹಾಲು ಕುಡಿದಷ್ಟು ಸಂತೋಷವಾಯಿತು.

ಅಕ್ಟೋಬರ್ 8, ಶುಕ್ರವಾರ

ಗಂಟಲು ಹರಿದುಹೋಗಿದೆ. ಇವರು ರಾತ್ರಿ ಶುಂಠಿ ಮೆಣಸು ಹಾಕಿ ಕಷಾಯ ಮಾಡಿಕೊಟ್ಟರು, ಬೆಳಗ್ಗೆ ಫ್ಲಾಸ್ಕಿಗೂ ತುಂಬಿ ಕಳಿಸಿದರು.

ಓದುತ್ತಾ ಓದುತ್ತಾ ನನಗೆ ಆ ಹುಡುಗಿ ಪರಿಚಯವಾಗಿಬಿಟ್ಟಿದ್ದಾಳೆ. ಗಿರಣಿಯ ಮುಷ್ಕರ, ಅಮ್ಮನ ಕೆಮ್ಮು, ಬೇಕರಿಯವನು ಸಂಜೆ ಕೊಡುವ ಒಣ ಬ್ರೆಡ್ಡು. ನಾನು ಬಗ್ಗಿ ಹಾಳೆ ಇಡುತ್ತೇನೆ, ಮಿಸ್ ವಿಲ್ಕಿನ್ ಕುರ್ಚಿಯಿಂದ "ಎಡಕ್ಕೆ, ಇನ್ನೂ ಎಡಕ್ಕೆ" ಎನ್ನುತ್ತಾರೆ. ಬಾಗಿಲಿಂದ ಕಿಟಕಿಯವರೆಗೆ ಬಂದಿದ್ದೇವೆ.

ಅಲ್ಲಿ ನಾನು ನಿಂತೆ. "ಇಲ್ಲಿ ಮೊದಲು ಏನೂ ಇರಲಿಲ್ಲ. ನಾನು ನಿಲ್ಲುತ್ತಿದ್ದ ಜಾಗ ಇದು."

"ಏನೂ ಇಲ್ಲ. ದಾಟಿ ಮುಂದಕ್ಕೆ ಹೋಗು."

ಹೋಗಲಾಗಲಿಲ್ಲ. ಟೈಪಿಸ್ಟಿನ ಕಣ್ಣು ದರಿದ್ರದ್ದು. ಕಂಡದ್ದನ್ನು ಬಿಡುವುದಿಲ್ಲ. ಅಮ್ಮ ಸತ್ತ ಮೇಲಿನ ಪುಟಗಳಲ್ಲಿ ಹುಡುಗಿ ಮೇಜಿನ ಮೇಲೆ ಎರಡು ಬಟ್ಟಲು ಇಡುತ್ತಾಳೆ. ಅಪ್ಪ ಮನೆಯಲ್ಲಿ ಉಣ್ಣುವುದೇ ಇಲ್ಲ ಎಂದು ಅದೇ ಪುಟದಲ್ಲಿದೆ. ಈ ಖಾಲಿ ಜಾಗ ದಾಟಿದರೆ ಮುಂದಿನ ಪುಟದಲ್ಲಿ ಒಂದೇ ಬಟ್ಟಲು.

"ಎರಡನೆಯ ಬಟ್ಟಲು ಯಾರದು?" ಎಂದು ಕೇಳಿದೆ.

ಮಿಸ್ ವಿಲ್ಕಿನ್ ಎದ್ದು ಅಡುಗೆಮನೆಗೆ ಹೋದರು. ಇವರ ಕಾರು ಬರುವವರೆಗೂ ಹೊರಗೆ ಬರಲಿಲ್ಲ. ಕೇಳಬಾರದ್ದನ್ನು ಕೇಳಿದೆನೋ ಏನೋ. ನನ್ನ ಮನೆಯಲ್ಲಿ ಕೇಳಬೇಕಾದ್ದನ್ನು ಕೇಳಲು ಬಾರದವಳು ಊರವರ ಬಟ್ಟಲು ಎಣಿಸುತ್ತೇನೆ.

ಅಕ್ಟೋಬರ್ 12, ಮಂಗಳವಾರ

ಇಂದು ಓದಲಿಲ್ಲ. "ಶಾರ್ಟ್‌ಹ್ಯಾಂಡ್ ಬರುತ್ತದೆ ಅಂದಿದ್ದೆಯಲ್ಲ, ಬರೆದುಕೋ," ಎಂದರು. ಕಿಟಕಿಯ ಕಡೆ ಮುಖ ಮಾಡಿ ಕೂತು ಹೇಳಿದರು.

ಅವನ ಹೆಸರು ನೆಡ್. ನಾಲ್ಕು ವರ್ಷ, ಮಿಸ್ ವಿಲ್ಕಿನ್‌ಗೆ ಆಗ ಹತ್ತು. ಅಮ್ಮ ಹೋದ ಮೇಲೆ ತಮ್ಮನನ್ನು ಅವರೇ ಸಾಕುತ್ತಿದ್ದದ್ದು. ಚಳಿಗಾಲದಲ್ಲಿ ಗಂಟಲು ಕಟ್ಟಿಕೊಂಡಿತು. ಅಂಟುರೋಗ ಎಂದು ತಿಳಿದರೆ ಮನೆಯ ಒಡತಿ ಬೀದಿಗೆ ಹಾಕುತ್ತಾಳೆಂಬ ಭಯ. ಅವನು ಕೆಮ್ಮಿದಾಗಲೆಲ್ಲ ಅವರು ಗಟ್ಟಿಯಾಗಿ ಹಾಡುತ್ತಿದ್ದರು, ಕೆಮ್ಮು ಕೇಳಿಸದಿರಲಿ ಎಂದು. ಒಂದು ಬೆಳಗ್ಗೆ ಅವನು ಕೆಮ್ಮಲಿಲ್ಲ. ಬಡವರ ಹೆಣ ಒಯ್ಯುವ ಕೌಂಟಿಯ ಬಂಡಿ ಬಂತು. ಅಪ್ಪನಿಗೆ ಎಚ್ಚರವಿರಲಿಲ್ಲ. "ಎಲ್ಲಿಗೆ ಒಯ್ಯುತ್ತೀರಿ ಎಂದು ನಾನು ಕೇಳಲಿಲ್ಲ. ಕೇಳಿದರೆ ನಿಜವಾಗಿಬಿಡುತ್ತದೆ ಅನ್ನಿಸಿತು. ಶಾಲೆಯಲ್ಲಿ ಟೀಚರ್ ನಿನಗೆ ತಮ್ಮನಿದ್ದನಲ್ಲ ಎಂದರು. ಇಲ್ಲ ಎಂದೆ. ಒಂದು ಸಲ ಇಲ್ಲ ಅಂದದ್ದು, ಅರವತ್ತು ವರ್ಷ ಉಳಿಯಿತು, ಪುಸ್ತಕಗಳ ಬೆನ್ನ ಮೇಲೂ ಅಚ್ಚಾಯಿತು."

ನನ್ನ ಪೆನ್ಸಿಲ್ ನಿಂತಿತು. ಹಾಳೆ ತೊಯ್ದು ಗೆರೆಗಳು ಮಸುಕಾಗಿದ್ದವು.

"ಆಗಸ್ಟ್‌ನಲ್ಲಿ ನೀವು ಮಕ್ಕಳಿದ್ದಾರಾ ಎಂದು ಕೇಳಿದಿರಿ," ಎಂದೆ. "ನಾನು ಇಲ್ಲ ಎಂದೆ. ನನಗೂ ಒಂದು ಮಗು ಹುಟ್ಟಿತ್ತು. ಮೇ ತಿಂಗಳಲ್ಲಿ."

ಇದನ್ನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. 

"ಗಂಡೋ, ಹೆಣ್ಣೋ?"

"ಗೊತ್ತಿಲ್ಲ. ನನ್ನ ಗಂಡನಿಗೆ ಗೊತ್ತು."

ಮಿಸ್ ವಿಲ್ಕಿನ್ ನನ್ನ ಕೈ ಹಿಡಿದುಕೊಂಡರು. ಅವರ ಕೈ ಒರಟು, ಬೆಚ್ಚಗಿತ್ತು. "ನೆಡ್ ಎಲ್ಲಿದ್ದಾನೆಂದು ಕೇಳಲು ನನಗೆ ಈಗ ಭೂಮಿಯ ಮೇಲೆ ಯಾರೂ ಉಳಿದಿಲ್ಲ," ಎಂದರು. "ನಿನಗೆ ಒಬ್ಬನಿದ್ದಾನೆ. ದಿನಾ ಸಂಜೆ ಕಾರು ತರುತ್ತಾನೆ."

ಸಂಜೆ ಕಾರಿನಲ್ಲಿ ಕೇಳಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡೆ. "ಏನಾತು, ಕಣ್ಣು ಕೆಂಪಾಗ್ಯಾವ?" ಎಂದರು. "ರಾತ್ರಿಗೆ ಚಪಾತಿ ಮಾಡಲಾ?" ಎಂದೆ.

ಅಕ್ಟೋಬರ್ 17, ಭಾನುವಾರ

ನರಕಚತುರ್ದಶಿ. ಏನೂ ಮಾಡುವುದು ಬೇಡ ಅಂದುಕೊಂಡಿದ್ದೆ. ಬೆಳಗ್ಗೆ ಎದ್ದಾಗ, ಎಣ್ಣೆಯನ್ನಾದರೂ ಹಚ್ಚಿಬಿಡೋಣ ಅನ್ನಿಸಿತು. ಎಣ್ಣೆ ಬಿಸಿ ಮಾಡಿ, ಅಡುಗೆಮನೆಯ ನಡುವೆ ಮಣೆಯಿಲ್ಲದ್ದಕ್ಕೆ ಸ್ಟೂಲ್ ಇಟ್ಟು, ಇವರನ್ನು ಕೂರಿಸಿದೆ. ಆರತಿಯನ್ನೂ ಮಾಡಿದೆ. ನೆತ್ತಿಗೆ ಎಣ್ಣೆ ಹಾಕಿ ತಟ್ಟತೊಡಗಿದೆ. ಇವರ ಮುಖ ಆಚೆ, ನನ್ನ ಮುಖ ಈಚೆ. ನನ್ನ ಎರಡೂ ಕೈ ಇವರ ತಲೆಯ ಮೇಲೆ.

"ಏನೂಂದ್ರೆ, ನಮ್ಮ ಮಗು ಗಂಡಾ, ಹೆಣ್ಣಾ?"

ಕೈ ಕೆಳಗೆ ತಲೆ ಅಲುಗಾಡದೆ ನಿಂತಿತು. ನಾನು ಎಣ್ಣೆ ತಿಕ್ಕುವುದನ್ನು ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಇಬ್ಬರಿಗೂ ಧೈರ್ಯ ಹೋಗುತ್ತಿತ್ತು.

"ಹೆಣ್ಣು," ಎಂದರು. "ತಲಿ ತುಂಬ ಕೂದಲ ಇದ್ದವು. ನಿಮ್ಮ ಅವ್ವನಂಗ ಗುಂಗುರು."

"ಎಲ್ಲಿ?"

"ಆಸ್ಪತ್ರೆ ಊರಾಗ ಒಂದು ಸ್ಮಶಾನ ಅದ. ಸಣ್ಣ ಮಕ್ಕಳದು ಒಂದು ಮೂಲಿ. ಮ್ಯಾಪಲ್ ಗಿಡದ ಬುಡಕ ಜಾಗ ಕೇಳಿ ತಗೊಂಡೆ." ಸ್ಟೂಲಿನ ಅಂಚು ಹಿಡಿದುಕೊಂಡರು. "ಭಾಳ ಮಳಿ ಇತ್ತು ಅವತ್ತು. ನಿನ್ನ ಕುಲಾವಿ ಒಯ್ದಿದ್ದೆ. ಹಾಕಿದೆ. ಸರೀ ಕೂತಿತ್ತು, ಅಳತಿ ತಗೊಂಡು ಹೆಣದಂಗ."

ಎಸೆದಿದ್ದಾರೆಂದು ಈ ಡೈರಿಯಲ್ಲೇ ಬರೆದಿದ್ದೇನೆ. ಹೊಡೆದುಹಾಕುವುದಿಲ್ಲ. ಹಾಗೇ ಇರಲಿ.

"ಯಾಕ್ ಹೇಳ್ಲಿಲ್ಲ ನೀವು?"

"ಮರಸ್ರಿ, ನೆನಪು ಮಾಡಬ್ಯಾಡ್ರಿ ಅಂದ್ರು ಡಾಕ್ಟ್ರು. ನೀ ಕೇಳಿದಾಗ ಹೇಳಿದರಾತು ಅಂತ ನಾನೂ ಸುಮ್ಮನಾದೆ. ನೀ ಕೇಳಲೇ ಇಲ್ಲ." ಆಮೇಲೆ ತಲೆ ತಗ್ಗಿಸಿ, "ಶನಿವಾರಕ್ಕೊಮ್ಮೆ ಹೋಗ್ತಿದ್ದೆ. ಆ ದೊಡ್ಡ ಮಳ್ಯಾಗ, ಅಲ್ಲೆ ನೀರು ನಿಂತದೋ ಏನೋ ಅಂತ ಜೀವ ತಡೀಲಿಲ್ಲ. ನಿಂತಿದ್ದಿಲ್ಲ. ದಿಬ್ಬದ ಮ್ಯಾಲದ," ಎಂದರು.

ಹಸು ಕರೆದು ತರುತ್ತಾರೆಂದು ನಾನು ಹಾಸ್ಯ ಮಾಡಿದ್ದ ಶನಿವಾರಗಳೆಲ್ಲ ಕಣ್ಣಿಗೆ ಕಟ್ಟಿದವು. ಎಣ್ಣೆಯ ತಲೆಯನ್ನು ಹಾಗೆಯೇ ಎದೆಗೆ ಒತ್ತಿಕೊಂಡೆ. ಸೀರೆಯೆಲ್ಲ ಎಣ್ಣೆಯಾಯಿತು, ಇಬ್ಬರೂ ಅತ್ತೆವು. ನಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದೆ. ಇವರೂ ಹೊತ್ತು, ಅವಳು ಮಳೆಗೆ ನೆನೆಯದ ಹಾಗೆ ಕಾಯುತ್ತಿದ್ದರು.

ಸ್ನಾನ ಮಾಡಿ ಇಬ್ಬರೂ ಹೋದೆವು. ಎಲೆಗಳು ಕೆಂಪಾಗಿ ಉದುರಿವೆ. ಸಣ್ಣ ಕಲ್ಲು, ಅದರ ಮೇಲೆ ಹೆಸರಿಲ್ಲ, "ಬೇಬಿ" ಅಂತಷ್ಟೇ. ನಾನು ನೆಲದ ಮೇಲೆ ಕೂತು ಕೈಯಿಂದ ಎಲೆ ಸರಿಸಿದೆ. ಹೆಣ್ಣಾದರೆ ಇಡಬೇಕೆಂದು ಮನಸ್ಸಿನಲ್ಲಿಟ್ಟುಕೊಂಡಿದ್ದ ಹೆಸರನ್ನು ಇವರಿಗೆ ಹೇಳಿದೆ. ಶೈಲಜಾ.

"ಛಲೋ ಅದ," ಎಂದು, ಬಗ್ಗಿ, ಅವಳಿಗೇ ಹೇಳುವಂತೆ ಮೂರು ಸಲ ಮೆಲ್ಲಗೆ ಹೇಳಿದರು. ನಾಮಕರಣದಲ್ಲಿ ಕಿವಿಯಲ್ಲಿ ಹೇಳುತ್ತಾರಲ್ಲ, ಹಾಗೆ.

ಅಕ್ಟೋಬರ್ 20, ಬುಧವಾರ

ನೆಡ್‌ನ ಪುಟಗಳನ್ನು ಟೈಪ್ ಮಾಡಿ ಮುಗಿಸಿದೆ. ಕಿಟಕಿಯ ಕೆಳಗಿನ ಜಾಗಕ್ಕೆ ಸರಿಯಾಗಿ ಕೂತವು. ಮಿಸ್ ವಿಲ್ಕಿನ್ ಪಕ್ಕದಲ್ಲೇ ನಿಂತು ನೋಡಿದರು. ತಿರುಗುವಾಗ ಅವರ ಕಾಲುಚೀಲ ಒಂದು ಹಾಳೆಯ ಅಂಚಿಗೆ ತಗಲಿತು. ಸೊಂಟ ಹಿಡಿದುಕೊಂಡು, ಕಷ್ಟಪಟ್ಟು ಬಗ್ಗಿ, ಅದನ್ನೆತ್ತಿ ಕಣ್ಣಿಗೊತ್ತಿಕೊಂಡರು. ತಲೆಕೆಳಗಾಗಿ ಹಿಡಿದಿದ್ದರು. ಸರಸ್ವತಿಗೆ ಅದೆಲ್ಲ ಲೆಕ್ಕವಿಲ್ಲ.

ಮಗುವಿನ ಹೆಸರು ಹೇಳಿದೆ. ನಾಲ್ಕು ಸಲ ಪ್ರಯತ್ನಿಸಿ ಸರಿಯಾಗಿ ಅಂದರು. ನಿಮ್ಮಿಂದಲೇ ಇದೆಲ್ಲ ಆದದ್ದು ಎಂದರೆ, "ನನ್ನ ಪುಸ್ತಕ ಗುಡಿಸಿದವಳು ನೀನು" ಎಂದು ಬೈದರು.

ಈಗ ಕೋಣೆಯಲ್ಲಿ ನನಗೆ ಕಾಲಿಡಲು ಜಾಗವಿಲ್ಲ ಎಂದುಕೊಂಡು, ಟೀಗೆಂದು ಮುಂಬಾಗಿಲ ಕಡೆ ಹೊರಟೆ. "ಎಲ್ಲಿಗೆ? ಕೆಳಗೆ ನೋಡು," ಎಂದರು. ನೋಡಿದೆ. ನನ್ನ ಮೇಜಿನಿಂದ ಅಡುಗೆಮನೆಯವರೆಗೆ, ಹಾಳೆಗಳನ್ನು ಎರಡೂ ಕಡೆಗೆ ಸರಿಸಿ, ಒಂದು ಪಾದದಗಲ ದಾರಿ ಬಿಟ್ಟಿದ್ದರು. ಆ ಮಂಜುಗಣ್ಣಿನಲ್ಲಿ, ಆ ಸೊಂಟದಲ್ಲಿ, ನಾನು ಬರುವ ಮೊದಲೇ ಎದ್ದು ಮಾಡಿದ್ದಾರೆ. ಆ ದಾರಿಯಲ್ಲಿ ನಡೆದು ಹೋಗಿ ಇಬ್ಬರಿಗೂ ಟೀ ತಂದೆ.

ಅಕ್ಟೋಬರ್ 23, ಶನಿವಾರ

ಹಾಲು ತರಲು ಇಬ್ಬರೂ ಹೋಗಿದ್ದೆವು. ಬರುವಾಗ ತಡವಾಯಿತು.